ಲೋಕೇಶನ ದೂರುಗಳು

ಬಸಲಿಂಗಯ್ಯನವರು ಪೂಜೆ ಮುಗಿಸಿ ಗಣಕದ ಮುಂದೆ ಕೂತಿದ್ದಾಗ ಫೋನು ಬಂತು. ಗುರುತಿಲ್ಲದ ಹೆಣ್ಣುದನಿ.

"ದಾಂಡೇಲಿ ಬಸಲಿಂಗಯ್ಯನೋರೇನ್ರಿ? ನಾ ಇಂದೂರ ಲೋಕೇಶನ ಅಕ್ಕ, ಸುನಂದಾ. ನಮ್ಮ ತಮ್ಮನ ಫೋನಿಗೆ ಇನ್ನ ಏನೂ ಕಳಸಬ್ಯಾಡ್ರಿ."

"ಯಾಕವ್ವಾ, ಸಿಟ್ಟಿಗೆದ್ದಾನೇನು? ಅಂವನೇ ಬೈಲಿ. ಬೈಯಾಕ ಅಂವಗ ಇನ್ನೊಬ್ಬರು ಬೇಕಾಗಿಲ್ಲ."



"ಅಂವ ತೀರಿಕೊಂಡು ತಿಂಗಳಾತ್ರಿ. ಎದಿನೋವು ಬಂದಿತ್ತು."

"ಶಿವಾ," ಎಂದರು ಬಸಲಿಂಗಯ್ಯನವರು.

ಲೋಕೇಶ ಹುಟ್ಟುಕುರುಡ. ಮುಂಡಗೋಡದ ಹತ್ತಿರದ ಇಂದೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಕನ್ನಡ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದು ಅವನ ಫೋನಿನಲ್ಲಿತ್ತು. ಹಲವು ಊರಿನವರು ಸೇರಿ ಪುಕ್ಕಟೆ ಕಟ್ಟಿಕೊಟ್ಟದ್ದು. ಯಾರು ಬೇಕಾದರೂ ಅದರ ಒಳಗನ್ನು ತೆರೆದು ತಿದ್ದಬಹುದಿತ್ತು. ಕಟ್ಟಿದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಸಂಸಾರಕ್ಕೆ ಮರಳಿದರು. ಕಾಗದದ ಮಿಲ್ಲಿನ ಗಣಕ ಕೋಣೆಯಿಂದ ನಿವೃತ್ತರಾಗಿ, ಮರುವರ್ಷವೇ ಹೆಂಡತಿಯನ್ನು ಕಳೆದುಕೊಂಡ ಬಸಲಿಂಗಯ್ಯನವರೊಬ್ಬರು ಅದನ್ನು ನೋಡಿಕೊಳ್ಳಲು ಉಳಿದರು. ಅವರನ್ನು ಬೆಳಗಾದರೆ ಮಾತಾಡಿಸುವವನು ಲೋಕೇಶನೊಬ್ಬನೇ. ಅದೂ ಬರೀ ದೂರಿನ ಮೂಲಕ. 'ಅಜ್ಜಾರ, ನಿಮ್ಮ ಯಂತ್ರ ಇವತ್ತ ಘಟ್ಟ ಹತ್ತೂ ಬಸ್ಸಿನಂಗ ಏದಸಾಕತ್ತೈತಿ' ಎಂದು ಬರೆಯುತ್ತಿದ್ದ. ಬಸಲಿಂಗಯ್ಯನವರು ಅವನ ಮುಖ ನೋಡಿದವರಲ್ಲ. ತಿಂಗಳಿಂದ ದೂರು ಬಾರದಿದ್ದಾಗ, ಮುನಿಸಿಕೊಂಡಿರಬೇಕು ಎಂದುಕೊಂಡಿದ್ದರು.

ತಿದ್ದುವ ಕೈ ಸಾಲದೆ ವರ್ಷಗಟ್ಟಲೆ ದೂರುಗಳು ಗುಡ್ಡೆಬಿದ್ದಿದ್ದವು. ಹೋದ ವಾರ ಬಸಲಿಂಗಯ್ಯನವರು, ಇಂಥ ಕೆಲಸದಲ್ಲಿ ಎಲ್ಲರೂ ಮಾಡುವಂತೆ, ಹಳೆಯ ದೂರುಗಳಿಗೆಲ್ಲ ಒಂದೇ ಪ್ರಶ್ನೆ ಕಳಿಸಿದ್ದರು: ಈ ತೊಂದರೆ ಇನ್ನೂ ಇದೆಯೇ? ಉತ್ತರ ಬಾರದಿದ್ದರೆ ದೂರನ್ನು ಮುಚ್ಚಲಾಗುವುದು. ಉತ್ತರ ಬರುವ ತನಕ ಈ ಪ್ರಶ್ನೆ ದಿನವೂ ತಾನಾಗಿಯೇ ಹೋಗುತ್ತಿತ್ತು. ಹಳೆಯ ದೂರುಗಳಲ್ಲಿ ಮುಕ್ಕಾಲು ಪಾಲು ಲೋಕೇಶನವು.

"ಫೋನ ದೇವರ ಜಗಲಿ ಮ್ಯಾಲ ಇಟ್ಟೇವಿ," ಎಂದಳು ಸುನಂದಾ. "ಬಂದದ್ದನ್ನೆಲ್ಲ ಅದು ಒದರತೈತಿ. 'ಲೋಕೇಶ ಅವರೇ, ಲೋಕೇಶ ಅವರೇ' ಅಂತ ಒಂದರ ಹಿಂದೊಂದು. ಬಂದ್ ಮಾಡಾಕ ಅವ್ವ ಬಿಡವಲ್ಲಳು. 'ನನ್ನ ಮಗನ್ನ ಯಾರೋ ಕೇಳಾಕತ್ತಾರ, ಉತ್ತರ ಕೊಡ್ರಿ' ಅಂತ ಊಟ ಬಿಟ್ಟು ಕೂತಾಳ್ರಿ."

ಒಂದು ಗುಂಡಿ ಒತ್ತಿದ್ದರೆ ಲೋಕೇಶನ ದೂರುಗಳೆಲ್ಲ ಆಗಲೇ ಮುಚ್ಚಿಹೋಗುತ್ತಿದ್ದವು, ಫೋನೂ ಸುಮ್ಮನಾಗುತ್ತಿತ್ತು. ಆದರೆ ಪ್ರತಿಯೊಂದರ ಕೆಳಗೂ 'ದೂರುದಾರರು ಉತ್ತರಿಸಲಿಲ್ಲ' ಎಂದು ಬೀಳುತ್ತಿತ್ತು. ಲೋಕೇಶನ ಹೆಸರಿನ ಕೆಳಗೆ ಆ ಮಾತು ಬರೆಸಲು ಬಸಲಿಂಗಯ್ಯನವರಿಗೆ ಮನಸ್ಸಾಗಲಿಲ್ಲ. ಮರುದಿನ ಹಳಿಯಾಳದ ಬಸ್ಸು ಹತ್ತಿ, ಅಲ್ಲಿಂದ ಮುಂಡಗೋಡಕ್ಕೆ ಹೋಗಿ, ಮಧ್ಯಾಹ್ನಕ್ಕೆ ಇಂದೂರು ಮುಟ್ಟಿದರು.

ಲೋಕೇಶನ ತಾಯಿ ಕಾಶೆವ್ವ ಜಗಲಿಯ ಬುಡದಲ್ಲೇ ಕೂತಿದ್ದಳು.

"ನೀವ ಏನ್ರಿ ಕೇಳಾಕತ್ತಿದ್ದು?"

"ಹೌದ್ರಿ ತಾಯಿ."

"ಅಂವ ಇಲ್ಲ ಅನ್ನೂದು ಗೊತ್ತಿದ್ದಿಲ್ಲ?"

"ಗೊತ್ತಿದ್ದಿಲ್ರಿ."

ಮುದುಕಿ ಅವರ ಹಣೆಯ ವಿಭೂತಿಯನ್ನು ಒಮ್ಮೆ ನೋಡಿ, ಫೋನು ಎತ್ತಿ ಅವರ ಕೈಗೆ ಕೊಟ್ಟಳು. "ಹಂಗಾರ ಕೂಡ್ರಿ. ಅಂವಗ ಏನೇನ ಕೇಳಬೇಕಾಗಿತ್ತೋ, ನಮ್ಮ ಮುಂದ ಕೇಳ್ರಿ."

ಬಸಲಿಂಗಯ್ಯನವರು ಕಣ್ಣು ಮುಚ್ಚಿಕೊಂಡು ಕೂತರು. ಲೋಕೇಶ ಹೇಗೆ ಬಳಸುತ್ತಿದ್ದನೋ ಹಾಗೆಯೇ ಬಳಸಿ ನೋಡಬೇಕಿತ್ತು. ಒಂದೊಂದು ದೂರನ್ನೂ ಓದಿಸಿದರು, ಅದರಲ್ಲಿ ಹೇಳಿದಂತೆ ಮಾಡಿದರು. ಎಷ್ಟೋ ತೊಂದರೆಗಳು ನಡುವೆ ಯಾವಾಗಲೋ ಯಾರದೋ ಕೈಯಿಂದ ಸರಿಹೋಗಿದ್ದವು. 'ಈಗ ಸರಿಯಾಗಿದೆ. ತಿಳಿಸಿದ ಲೋಕೇಶನಿಗೆ ಶರಣು' ಎಂದು ತಮ್ಮ ಹೆಸರಿನಲ್ಲಿ ಬರೆದು ಒಂದೊಂದನ್ನೇ ಮುಚ್ಚಿದರು.

"ಇದು ಮುಗೀತ್ರಿ?" ಕಾಶೆವ್ವ ಪ್ರತಿಸಲವೂ ಕೇಳುವಳು.

"ಮುಗೀತ್ರಿ ತಾಯಿ."

ಒಂದರಲ್ಲಿ ಲೋಕೇಶ, 'ನಮ್ಮವ್ವನ ಹೆಸರು ಬಂದರೆ ಯಂತ್ರ ಕುಂಟುತ್ತದೆ' ಎಂದು ದೂರಿದ್ದ. ಬರೆದು ಓದಿಸಿದರು. ಫೋನು 'ಕಾಶೆ' ಎಂದು ನಿಂತು, ತಡೆದು, 'ವ್ವ' ಎಂದಿತು.

ಮುದುಕಿಯ ಮುಖ ಸಡಿಲವಾಯಿತು. "ದಿನಾ ಇದನ್ನ ಹಚ್ಚಿ ನನ್ನ ಕಾಡತಿದ್ದ, ಭಾಡ್ಯಾ. ನೋಡಬೇ, ಹೆಸರ ಹೇಳೂದರಾಗ ಇದಕ್ಕ ದಮ್ಮ ಹತ್ತತೈತಿ ಅಂತಿದ್ದ."

"ಇದೊಂದು ಇನ್ನೂ ಸರಿ ಆಗಿಲ್ರಿ."

"ಮುಚ್ಚತೀರೇನು?"

"ಇಲ್ರಿ. ಇದನ್ನ ಮನಿಗೆ ಒಯ್ತೇನಿ. ಸರಿ ಮಾಡಿದ ಮ್ಯಾಲ ಮುಚ್ಚೂದು."

"ಸಾವಕಾಶ ಮಾಡ್ರಿ," ಎಂದಳು ಕಾಶೆವ್ವ. ಆಮೇಲೆ ಮಗಳ ಕಡೆ ತಿರುಗಿ, "ಸುನಂದಾ, ಅಯ್ಯನೋರು ಹಸದಾರ. ರೊಟ್ಟಿ ಬಡಿ. ನನಗೂ ಅರ್ಧ ಹಾಕು," ಎಂದಳು.

ಊಟವಾದ ಮೇಲೆ ಬಸಲಿಂಗಯ್ಯನವರು ಎದ್ದರು. ಸಾವಿನ ಮನೆಯಿಂದ ಹೊರಡುವಾಗ 'ಬರ್ತೇನಿ' ಅನ್ನಬಾರದು. ಏನೂ ಅನ್ನದೆ ಚಪ್ಪಲಿ ಮೆಟ್ಟಿ ಹೊರಬಿದ್ದರು. ತಾಯಿ ಮಗಳು ಹೊಸ್ತಿಲ ತನಕ ಬಂದರು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಗದ್ದೆಯ ಮೇಲಿನಿಂದ ಗಾಳಿ ಬೀಸುತ್ತಿತ್ತು. ಅವರು ಅಂಗಿಯೊಳಗೆ ಕೈಹಾಕಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು.

'ಶಿವನೇ, ಲೋಕೇಶ ನಿನ್ನ ಹತ್ತಿರ ಬಂದಿದ್ದಾನೆ. ಅವನು ಸುಮ್ಮನೆ ಕೂಡುವವನಲ್ಲ, ಏನಾದರೂ ಹೇಳುತ್ತಲೇ ಇರುತ್ತಾನೆ. ಬೇಸರಪಡದೆ ಕೇಳಿಸಿಕೋ ತಂದೆ. ಅವನ ಜೀವಕ್ಕೆ ಶಾಂತಿ ಕೊಡು.'