ದೂರು ಕೊಟ್ಟವರಿಗೆ ಚಹಾ

ನೊಣವೊಂದು ಲೋಟದ ಅಂಚಿನಲ್ಲಿ ಸುತ್ತು ಹಾಕಿ ಪಕ್ಕದ ಲೋಟಕ್ಕೆ ಹಾರಿತು, ಹಾರಲಿ, ಚಾಪೆ ತುಂಬ ಲೋಟಗಳು, ಮಲ್ಲಿಗೆ ಚಹಾ, ಒಂದನ್ನೂ ಯಾರೂ ಮುಟ್ಟಿಲ್ಲ — ದೂರು ಕೊಟ್ಟವರು ಬರಬೇಕು, ಕೂರಬೇಕು, ‘ಮೊಂಗೊ’, ತಗೊಳ್ಳಿ, ಅಂತ ನಾನು ಹೇಳಿದಮೇಲೆ ಕುಡಿಯಬೇಕು, ನಮ್ಮ ಊರಿನ ಪದ್ಧತಿ, ಊರವರು ಬರೆದು ಹಾಕಲೆಂದು ನಾನು ನಡೆಸುವ ಈ ಪುಟ್ಟ ಅಂತರ್ಜಾಲ ಸರ್ವರ್‌ಗೂ ಅದೇ ನಿಯಮ, ಯಾರ ಮಾತನ್ನಾದರೂ ಅಳಿಸಬೇಕೆಂದರೆ ಆಡಿದವರ ಎದುರು ಕೂತು ಹೇಳು, ಹೆದರಿಕೆಯಿದ್ದರೆ ನಿನ್ನ ಪರವಾಗಿ ಒಬ್ಬರನ್ನು ಕಳಿಸು. ಸ್ವಂತ ಸೋದರಮಾವನ ಪೋಸ್ಟನ್ನೇ ತೆಗೆದವಳು ನಾನು, ಪಕ್ಕದ ಮನೆ ವಿಧವೆಯ ಮೇಲೆ ಕೊಳಕು ಬರೆದಿದ್ದ, ಅವಳು ಬಂದು ಎದುರು ಕೂತದ್ದೇ ತಲೆ ತಗ್ಗಿಸಿದ, ತೆಗಿಯಮ್ಮಾ ವೆನಿಂಗ್, ತೆಗ್ದಾಕು ಅಂದ. ಆದರೆ ನದಿದಂಡೆಯ ಸುಹಾರ್ತಿಯಮ್ಮ, ನಮ್ಮೆಲ್ಲರ ಇಬು ಸುಹಾರ್ತಿ, ಬರೆದದ್ದು ಬೈಗುಳವಲ್ಲ, ಗುತ್ತಿಗೆದಾರ ಮರಳು ಬಗೆದು ಬಗೆದು ದಂಡೆ ಕುಸಿಯಿತು, ನನ್ನ ಅಂಗಳ ನದಿಪಾಲಾಯಿತು ಅಂತ ಫೋಟೋ ಹಾಕಿದಳು, ಅಷ್ಟೇ, ಬೆಳಗಾಗುವಷ್ಟರಲ್ಲಿ ದೂರಿನ ಮೇಲೆ ದೂರು, ಸುಳ್ಳು, ಸುಳ್ಳು, ಅಳಿಸಿ — ಎಲ್ಲ ನಮ್ಮನ್ನು ಹೊರಜಗತ್ತಿಗೆ ಜೋಡಿಸುವ ಜಕಾರ್ತದ ದೊಡ್ಡ ಸರ್ವರಿನ ಖಾತೆಗಳು, ಅದರ ಉಸ್ತುವಾರಿ ನೋಡುವ ಯಜಮಾನ, ಬಾಪಾಕ್ ಹೆರ್ಲಂಬಂಗ್, ಬರೆದ, ಭಾನುವಾರದೊಳಗೆ ತೆಗೆಯದಿದ್ದರೆ ನಿಮ್ಮ ಸರ್ವರಿನ ಕೊಂಡಿ ಕಡಿಯುತ್ತೇವೆ. ಕಡಿದರೆ ಊರಿನ ಮಾತು ಊರಲ್ಲೇ ಸಾಯುತ್ತದೆ, ಸುಹಾರ್ತಿಯ ಅಂಗಳ ಹೋದದ್ದು ಹೊರಗೆ ಯಾರಿಗೂ ಕಾಣುವುದಿಲ್ಲ. ಸುಮ್ನೆ ಅಳಿಸ್ಬಿಡೇ, ದೊಡ್ಡೋರ ಸಹವಾಸ ಯಾಕೆ, ಗಂಡನ ಉಪದೇಶ, ಅಳಿಸ್ತೀನಂತೆ, ಮೊದ್ಲು ಬಂದು ಕೂರ್ಲಿ ಅಂದೆ, ದೂರು ಕೊಟ್ಟ ಅಷ್ಟೂ ಜನರಿಗೆ, ಹೆರ್ಲಂಬಂಗನಿಗೂ ಒಂದೇ ಉತ್ತರ, ಭಾನುವಾರ ಬೆಳಿಗ್ಗೆ ಬನ್ನಿ, ಚಹಾ ಇಟ್ಟಿರುತ್ತೇನೆ.

ಬಂದದ್ದು ಹೆರ್ಲಂಬಂಗನೊಬ್ಬನೇ, ರೈಲಿಳಿದು ಬೆವರುತ್ತ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಚಾಪೆ ನೋಡಿ ನಿಂತೇಬಿಟ್ಟ, ಉಳ್ದೋರೆಲ್ಲಿ ಅಂದ, ನೀವೇ ಹೇಳ್ಬೇಕು ಬಾಪಾಕ್, ನಿಮ್ಮೋರೇ ಅಲ್ವಾ ಅಂದೆ — ಸುಹಾರ್ತಿಯ ಎದುರು ಕೂತ, ಫೋನ್ ತೆಗೆದ, ಒಬ್ಬೊಬ್ಬರನ್ನೇ ಕರೆಯುತ್ತಾನೆ, ಉತ್ತರವಿಲ್ಲ, ಒಂದೊಂದೇ ಖಾತೆ ತೆರೆದು ನೋಡುತ್ತಾನೆ, ಎಲ್ಲ ಹುಟ್ಟಿದ್ದು ಒಂದೇ ಸಂಜೆ, ಸುಹಾರ್ತಿ ಫೋಟೋ ಹಾಕಿದ ಸಂಜೆ. ಮುಖ ಕೆಂಪಾಯಿತು, ಅಯ್ಯೋ ಇಬು, ನಮ್ಮನೇಲಿ ಇಷ್ಟೊಂದು ದೆವ್ವ ಸಾಕಿದೀನಿ ಅಂತ ಗೊತ್ತೇ ಇರ್ಲಿಲ್ಲ ಅಂದ, ಸುಹಾರ್ತಿ ಬಿಡುತ್ತಾಳೆಯೇ, ದೆವ್ವಕ್ಕೆ ಹೊಟ್ಟೆ ಎಲ್ಲಿದೆ ಬಾಪಾಕ್, ಚಹಾ ಕುಡಿಯಕ್ಕೆ, ನಾನು ನಕ್ಕೆ, ಅವನೂ ನಕ್ಕ, ಅಲ್ಲೇ ಕೂತು ಆ ಖಾತೆಗಳನ್ನೆಲ್ಲ ಮುಚ್ಚಿದ, ಸುಹಾರ್ತಿಯ ಫೋಟೋವನ್ನು ತನ್ನ ಹೆಸರಲ್ಲೇ ದೊಡ್ಡ ಸರ್ವರ್‌ಗೆ ಏರಿಸಿದ, ಈಗ ಬಾಗಿಲಲ್ಲಿ ನಿಂತು ಗಂಡ ಓದುತ್ತಿದ್ದಾನೆ, ಸುರಬಾಯದೋರು ನೋಡಿದ್ರು, ಮೇದಾನ್‌ನೋರು ನೋಡಿದ್ರು, ಪತ್ರಿಕೆಯೋರು ಕೇಳ್ತಿದಾರೆ ಕಣೇ, ದೊಡ್ಡೋರ ಸಹವಾಸ ಯಾಕೆ ಅಂದವನ ದನಿಯೇ ಇದು — ಗೆದ್ದೆವು, ಹಿಗ್ಗು ಎದೆಯಲ್ಲಿ ಹಿಡಿಸುತ್ತಿಲ್ಲ, ಅಯ್ಯೋ, ಅತಿಥಿಗೆ ಕುಡಿಯಿರಿ ಅನ್ನುವುದನ್ನೇ ಮರೆತೆನಲ್ಲ, ಪಾಪ, ಅವನೂ ಮುಟ್ಟದೆ ಕಾಯುತ್ತಿದ್ದಾನೆ, ಮೊಂಗೊ ಬಾಪಾಕ್, ಮೊಂಗೊ, ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ, ಚಾಪೆ ತುಂಬ ತುಂಬಿದ ಲೋಟಗಳು, ನಡುವೆ ಒಂದು ಖಾಲಿ ಲೋಟ, ಒಂದೇ ಒಂದು ಖಾಲಿ ಲೋಟ