ಬಾಳೇಶನ ಕುಣಿಗೆ ಬಂದ ನೀರು

ಕುಣಿ ತೋಡುತ್ತಿದ್ದ ಮಾಲಿಂಗ ಹನ್ನೊಂದನೆಯ ಬಕೆಟ್ ನೀರೆತ್ತಿ ಹೊರಗೆ ಚೆಲ್ಲಿದ. ಕುಣಿಯಲ್ಲಿ ಮತ್ತೆ ಮೊಣಕಾಲುದ್ದ ನೀರು. ಹಿಡಕಲ್ ಅಣೆಕಟ್ಟು ಒಡೆದಿದ್ದರೂ ಇಷ್ಟು ಹಟದಿಂದ ಬರುತ್ತಿರಲಿಲ್ಲ.

"ಏಡಿ ತೂತು ಕೊರದಾವ್ರಿ! ಕೆನಾಲ್ ನೀರು ಸೀದಾ ಇಲ್ಲಿಗೇ ಬರಾಕತ್ತೈತಿ."

ಬೇವಿನ ನೆರಳಲ್ಲಿ ಬಾಳೇಶನ ಹೆಣ ಕುರ್ಚಿಯಲ್ಲಿ ಕುಳಿತಿತ್ತು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ. ಸತ್ತವರನ್ನು ಕೂರಿಸಿಯೇ ಹೂಳುವ ಮನೆತನ. ಮೂವತ್ತೊಂದು ವರ್ಷ ಈ ಕಾಲುವೆ ಕಾದವನು ಅವನು. ಅವನು ಮುಚ್ಚಿದ ಏಡಿಬಿಲಗಳನ್ನು ಜೋಡಿಸಿದ್ದರೆ ಗೋಕಾಕದಿಂದ ದಿಲ್ಲಿಗೆ ಸುರಂಗವಾಗುತ್ತಿತ್ತು.

"ಇಲ್ಲೇ ಹುಗಿಯೂಣು. ಅಣ್ಣಗ ಈ ದಡ ಅಂದ್ರ ಜೀವ," ಎಂದ ತಮ್ಮ ಸೋಮಶೇಖರ. "ವೈನಿ, ನೀರಾಗ ಹೊಟ್ಟು ಚೆಲ್ಲಿದ್ರ ತೂತಿದ್ದಲ್ಲಿ ಎಳಕೊಂತೈತಿ ಅಂತಿದ್ದ. ನಿಮಗ ಗೊತ್ತೈತಲ್ರಿ? ತೋರಸ್ರಿ, ಮಣ್ಣು ಬಡಿದು ಮುಚ್ಚತೇವಿ."

"ಗುಡ್ಡದ ಮ್ಯಾಲೆ ಒಯ್ಯೂಣು ಅಂತ ಮುಂಜಾನೇನ ಹೇಳೇನಿ," ಎಂದಳು ಬಾಳೇಶನ ಹೆಂಡತಿ ಗೌರವ್ವ.

"ಅಲ್ಲಿ ಅಂವಗ ಯಾರದಾರ್ರಿ?"

"ಇಲ್ಲಿ ಯಾರಿದ್ರು? ಏಡಿ!"

* * *

ಹತ್ತು ವರ್ಷದ ಹಿಂದೆ ಕಾಲೇಜಿನ ಸುಮನ ಟೀಚರ್ ಏಡಿ ಎಣಿಸಲು ಬಂದಿದ್ದರು. ಒಂದು ಗಜ ಚೌಕಕ್ಕೆ ಒಂಬತ್ತು ಬಿಲ. ದಡ ಒಣಗಿದಷ್ಟೂ ಬಿಲ ಆಳ ಎಂದು ಅಳೆದು ಬರೆದುಕೊಂಡರು. ಬಾಳೇಶ ಮಾತ್ರ ಅವರ ಫೋನಿನ ಚಿತ್ರಕ್ಕೆ ಅಂಟಿಕೊಂಡ. ಕಾರವಾರದ ಕಡೆ, ಸಮುದ್ರದ ನೀರು ಏರಿಳಿಯುವ ನದಿದಡದ ಏಡಿ. ಒಂದು ಕೈ ಮೈಯಷ್ಟು ದೊಡ್ಡದು. ನೀರೇರಿದಾಗ ಬಾಗಿಲಿಗೆ ಕೆಸರುಂಡೆ ಇಟ್ಟು ಒಳಗೆ ಕೂರುತ್ತದೆ. ಇಳಿದಾಗ ಹೊರಬಂದು ಆ ಕೈ ಬೀಸುತ್ತದೆ.

ಅದನ್ನು ನೋಡಿಬರಲು ಬಾಳೇಶ ಒಂದು ದಿನದ ರಜೆ ಕೇಳಿದ. ಕಾಲುವೆಯಲ್ಲಿ ನೀರಿದ್ದಾಗ ದಡ ಬಿಡುವಂತಿಲ್ಲ ಎಂದರು ನೀರಾವರಿ ಇಲಾಖೆಯ ಸಾಹೇಬರು. ನೀರು ನಿಂತಾಗ ಏಡಿಗಳು ತೇವ ಹುಡುಕಿ ಇನ್ನೂ ಕೊರೆಯುತ್ತವೆ. ಆಗಂತೂ ಬಿಡುವಂತೆಯೇ ಇಲ್ಲ. ಮರುವರ್ಷವೂ ಕೇಳಿದ. ಆಮೇಲೆ ಕೇಳಲಿಲ್ಲ.

"ಆ ಏಡಿಗೆ ದಿನಾ ಎರಡು ಸಲ ಬಿಡುಗಡಿ ಐತಿ, ಗೌರಾ," ಎಂದಿದ್ದ, ರೊಟ್ಟಿ ಮುರಿಯುತ್ತ.

* * *

"ವೈನಿ, ಹೊತ್ತು ಇಳೀತು. ಹೊಟ್ಟು ತಗೋರಿ."

ಗೌರವ್ವ ಕಾಲುವೆಗಿಳಿದು ಹೊಟ್ಟು ಚೆಲ್ಲಿದಳು. ಅದು ಗಿರಕಿ ಹೊಡೆದು ಅವಳ ಕಾಲಬುಡದಲ್ಲೇ ಮುಳುಗಿತು. ಅವಳು ಅಲ್ಲೇ ಗಟ್ಟಿಯಾಗಿ ನಿಂತು, ಉಳಿದ ಹೊಟ್ಟನ್ನು ನಾಲ್ಕು ಮಾರು ಆಚೆ ಎಸೆದಳು.

"ಕಾಣವಲ್ದು."

ನೀರೊಳಗೆ ಅವಳ ಹಿಮ್ಮಡಿ ಬಿಲದ ಬಾಯಿಯನ್ನು ಅಗಲಿಸುತ್ತಿತ್ತು.

"ಯಪ್ಪಾ, ಸೊಂಟಕ್ಕ ಬಂತ್ರಿ!" ಎಂದು ಮಾಲಿಂಗ ಕುಣಿಯಿಂದ ಕೂಗಿದ. "ನನ್ನೂ ಇಲ್ಲೇ ಹುಗಿತೀರೇನು?"

ಸೋಮಶೇಖರ ಸೂರ್ಯನನ್ನು ನೋಡಿದ, ಕುಣಿಯನ್ನು ನೋಡಿದ.

"ಎತ್ರಿ. ಗುಡ್ಡದಾಗ ಬ್ಯಾರೆ ತೋಡೂಣು."

ನಾಲ್ವರು ಕುರ್ಚಿಯನ್ನು ಹೆಗಲಿಗೇರಿಸಿದರು. ಕಾಲುವೆಗೆ ಬೆನ್ನು ಕೊಟ್ಟು ಬಾಳೇಶ ಗುಡ್ಡ ಏರಿದ. ಹೆಜ್ಜೆ ಹೆಜ್ಜೆಗೂ ಅವನ ತಲೆ, ಬಸ್ಸಿನ ಕಿಟಕಿಯ ಬಾಜೂ ಸೀಟು ಸಿಕ್ಕವನಂತೆ, ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿ ನೋಡುತ್ತಿತ್ತು.