ಹಠಮಾರಿ ಪಾಚಿ

ಕಡಲತೀರದ ಆ ಸಂಶೋಧನಾ ಕೇಂದ್ರದಲ್ಲಿ ಅಕ್ಕತಂಗಿಯರಿಬ್ಬರೂ ಕೆಲಸಕ್ಕಿದ್ದರು. ತಂಗಿ ವಿಜ್ಞಾನಿ, ಅಕ್ಕ ತೊಟ್ಟಿಗಳನ್ನು ನೋಡಿಕೊಳ್ಳುವವಳು. ತಂಗಿ ಓದು ಮುಗಿಸಿ ಬರುವ ಹೊತ್ತಿಗೆ ಅಕ್ಕ ಅಲ್ಲಿ ಹದಿನಾಲ್ಕು ವರ್ಷದ ಹಳಬಳಾಗಿದ್ದಳು. ನಿರ್ದೇಶಕರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ‘ತೊಟ್ಟಿ ಅಕ್ಕ’. ಡಿಗ್ರಿ ಇರಲಿಲ್ಲ, ಆದರೆ ನೀರಿನ ಬಣ್ಣ ನೋಡಿಯೇ ಪಂಪು ಎಷ್ಟು ಹೊತ್ತಿನಿಂದ ನಿಂತಿದೆ ಎಂದು ಹೇಳುತ್ತಿದ್ದಳು. ಅವಳ ಕೈಬರಹದ ದಾಖಲೆ ಪುಸ್ತಕವನ್ನು ಪ್ರಶ್ನಿಸುವ ಧೈರ್ಯ ಯಾವ ಡಾಕ್ಟರೇಟಿಗೂ ಇರಲಿಲ್ಲ.

ತಂಗಿ ಬೆನ್ನು ಹತ್ತಿದ್ದು ಹವಳದ ದಿಬ್ಬದ ಮೇಲೆ ಗುಲಾಬಿ ಬಣ್ಣದ ಹಕ್ಕಳೆಯಂತೆ ಹಬ್ಬುವ ಒಂದು ಪಾಚಿಯನ್ನು. ಕಂಡವರು ಅದನ್ನು ಪಾಚಿ ಎನ್ನುವುದೇ ಇಲ್ಲ. ಯಾರೋ ಬಂಡೆಗೆ ಬಣ್ಣ ಬಳಿಯಲು ಹೊರಟು ಅರ್ಧಕ್ಕೇ ಬಿಟ್ಟು ಹೋದಂತಿರುತ್ತದೆ. ಮೈಯೊಳಗೆ ಸುಣ್ಣ ಕಟ್ಟಿಕೊಂಡು, ಒಡೆದ ಹವಳದ ತುಂಡುಗಳನ್ನು ಗಾರೆಯ ಹಾಗೆ ಹಿಡಿದಿಡುವುದು ಅದೇ. ಹವಳದ ಮರಿಗಳು ನೆಲೆಯೂರಲು ಹುಡುಕಿಕೊಂಡು ಬರುವುದೂ ಅದನ್ನೇ. ಆದರೆ ಫೋಟೊ, ಪೋಸ್ಟರು, ಹೊಗಳಿಕೆ ಎಲ್ಲ ಹವಳಕ್ಕೆ. ಪಾಚಿಯನ್ನು ಕೇಳುವವರಿಲ್ಲ. ಆ ಅನ್ಯಾಯ ಕಂಡೇ ತಂಗಿಗೆ ಅದರ ಮೇಲೆ ಮಮತೆ ಹುಟ್ಟಿತ್ತು.

ಕೋಣೆಯಲ್ಲಿ ಆರು ತೊಟ್ಟಿಗಳಿದ್ದವು. ಮೂರರಲ್ಲಿ ಇವತ್ತಿನ ಸಮುದ್ರ, ಇನ್ನು ಮೂರರಲ್ಲಿ ಮೊಮ್ಮಕ್ಕಳ ಕಾಲದ ಸಮುದ್ರ: ಮೂರು ಡಿಗ್ರಿ ಹೆಚ್ಚು ಬಿಸಿ, ಇಂಗಾಲದ ಅನಿಲ ಕರಗಿ ಹೆಚ್ಚು ಹುಳಿಯಾದ ನೀರು. ಹುಳಿ ಕಡಿಮೆಯಾಯಿತೆಂದರೆ ಮೀಟರು ತಾನೇ ಸಿಲಿಂಡರಿನ ಕವಾಟ ತೆರೆದು ಅನಿಲ ಬಿಡುತ್ತಿತ್ತು. ಮೊದಲ ಸುತ್ತಿನಲ್ಲಿ ಹನ್ನೊಂದನೇ ವಾರಕ್ಕೆ ಆ ಮೂರೂ ತೊಟ್ಟಿಗಳ ಪಾಚಿ ಬೆಳ್ಳಗಾಗಿ, ಬೆರಳು ತಾಗಿಸಿದರೆ ಉದುರುವಂತಾಯಿತು. ಬಿಸಿಯೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿತ್ತು. ಹುಳಿಯೂ ಸೇರಿಕೊಂಡಾಗ ಕೈಚೆಲ್ಲಿತು. ತಂಗಿ ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಳಗಳನೆ ಅತ್ತಿದ್ದಳು.

ಎರಡನೇ ಸುತ್ತಿಗೆ ಉತ್ತರದ ಕೊಲ್ಲಿಯಿಂದ ಬೇರೆ ಪಾಚಿ ತಂದರು. ಅದು ಬದುಕಿತು. ಮೂರು ತಿಂಗಳಾಯಿತು, ಐದಾಯಿತು, ಏಳಾಯಿತು. ಗುಲಾಬಿ ಬಣ್ಣ ಮಾಸಲಿಲ್ಲ. ತಂಗಿ ಅದಕ್ಕೆ ‘ಹಠಮಾರಿ’ ಎಂದು ಹೆಸರಿಟ್ಟಳು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲರೂ ಮುಳುಗಪ್ಪ ಎಂದು ಕರೆಯುತ್ತಿದ್ದ ಡೈವಿಂಗ್ ತಂಡದ ಯಜಮಾನ ಆಗಲೇ ಉಳಿ ಸುತ್ತಿಗೆ ಸಿದ್ಧ ಮಾಡಿಕೊಂಡಿದ್ದ. ಬುಧವಾರ ಉತ್ತರದ ಕೊಲ್ಲಿಯಿಂದ ಹಠಮಾರಿ ಹಬ್ಬಿದ ಇನ್ನೂರು ಬಂಡೆಚೂರು ಕಿತ್ತು, ಸೆಕೆಗೆ ಸತ್ತ ದಕ್ಷಿಣದ ದಿಬ್ಬಕ್ಕೆ ಕೂರಿಸುವುದೆಂದು ತೀರ್ಮಾನವಾಗಿತ್ತು.

ಅದಕ್ಕೆ ಐದು ದಿನ ಮುಂಚೆ ಸಿಲಿಂಡರ್ ಬದಲಾಯಿಸಲು ಬಂದವನು ತಲೆ ಕೆರೆದುಕೊಂಡ.

“ಮೇಡಂ, ಮೊದ್ಲೆಲ್ಲಾ ನಿಮ್ಗೆ ಒಂದು ಸಿಲಿಂಡರ್ ಎರಡು ತಿಂಗಳು ಬರ್ತಿತ್ತು. ಈಗ ತಿಂಗಳಿಗೇ ಖಾಲಿ. ಎಲ್ಲೋ ಸೋರ್ತಿದೆ, ನೋಡ್ಸಿ.”

ತಂಗಿ ಸೋಪಿನ ನೊರೆ ಹಚ್ಚಿ ಒಂದೊಂದು ಕೀಲನ್ನೂ ನೋಡಿದಳು. ಎಲ್ಲೂ ಗುಳ್ಳೆ ಏಳಲಿಲ್ಲ. ಹಾಗಾದರೆ ಅನಿಲ ನೀರಿಗೇ ಹೋಗುತ್ತಿದೆ. ನೀರಿಗೆ ಅಷ್ಟೊಂದು ಅನಿಲ ಯಾಕೆ ಬೇಕು? ಹುಳಿಯನ್ನು ಕೊಲ್ಲುವಂಥದ್ದೇನೋ ಅದರಲ್ಲಿದ್ದರೆ ಮಾತ್ರ. ಅಂಥದ್ದು ಹಾಕಿದರೆ ಪಾಚಿಗೆ ಸುಣ್ಣ ಕಟ್ಟುವ ಸರಕೂ ಹೆಚ್ಚುತ್ತದೆ. ಮೀಟರು ಹುಳಿಯನ್ನಷ್ಟೇ ನೋಡುತ್ತದೆ; ಸುಣ್ಣ ಕಟ್ಟಲು ಬೇಕಾದ ಸರಕು ನೀರಿನಲ್ಲಿ ಎಷ್ಟಿದೆ ಎಂಬುದನ್ನು ವಾರಕ್ಕೊಮ್ಮೆ ಕೈಯಿಂದಲೇ ಅಳೆಯಬೇಕು. ಆ ಅಳತೆ ಅಕ್ಕನದು.

ಭಾನುವಾರ ಅಕ್ಕನಿಗೆ ರಜೆ. ತಂಗಿ ಒಬ್ಬಳೇ ಬಂದು ಮೂರು ತೊಟ್ಟಿಗಳ ನೀರನ್ನೂ ಅಳೆದಳು. ಇರಬೇಕಾದದ್ದರ ಒಂದೂವರೆ ಪಟ್ಟು ಬಂತು. ಕೈ ತಪ್ಪಿರಬೇಕೆಂದು ಮತ್ತೆ ಅಳೆದಳು, ಮೂರನೇ ಸಲವೂ ಅಳೆದಳು. ಪಕ್ಕದಲ್ಲೇ ಅಕ್ಕನ ಪುಸ್ತಕ ತೆರೆದಿತ್ತು: ಏಳು ತಿಂಗಳ ಅಂಕಿಗಳು, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ, ಎಲ್ಲವೂ ಇರಬೇಕಾದಲ್ಲೇ. ಅಷ್ಟು ಅಂದವಾದ ಸುಳ್ಳನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕ ಪೈಪು ಉಜ್ಜುತ್ತಿದ್ದಳು.

“ನಿನ್ನೆ ಈ ನೀರನ್ನ ನಾನೇ ಅಳೆದೆ” ಎಂದಳು ತಂಗಿ.

“ಯಾಕೆ? ನನ್ನ ಅಳತೆ ಮೇಲೆ ನಂಬಿಕೆ ಇಲ್ವಾ?”

“ಇತ್ತು.”

ಬ್ರಷ್ಷು ನಿಂತಿತು. ಸಿಕ್ಕಿಬಿದ್ದ ಮೇಲೆ ಅಕ್ಕ ತಪ್ಪಿಸಿಕೊಳ್ಳಲು ನೋಡಲಿಲ್ಲ. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

“ಅಡುಗೆ ಸೋಡಾ ಕಣೇ. ವಾರಕ್ಕೆ ಎರಡು ಸಲ, ತೊಟ್ಟಿಗೆ ನಾಲ್ಕು ಚಮಚ. ವಿಷ ಏನೂ ಹಾಕ್ಲಿಲ್ವಲ್ಲ.”

“ಪುಸ್ತಕದಲ್ಲಿ ಸುಳ್ಳು ಬರೆದಿದ್ದು?”

“ನಿಜ ಬರೆದಿದ್ರೆ ನಿಂಗೆ ಗೊತ್ತಾಗ್ತಿರ್ಲಿಲ್ವಾ?”

ಎಷ್ಟು ಸಹಜವಾಗಿ ಹೇಳಿದಳೆಂದರೆ ತಂಗಿಗೆ ಒಂದು ಕ್ಷಣ ನಗು ಬರುವಂತಾಯಿತು. ಮರುಕ್ಷಣವೇ ಪುಸ್ತಕವನ್ನು ಟಪ್ಪನೆ ಮುಚ್ಚಿದಳು.

“ನಾಡಿದ್ದು ಮುಳುಗಪ್ಪ ಕೊಲ್ಲಿಗೆ ಉಳಿ ಹಾಕ್ತಿದ್ದ ಅಕ್ಕ. ಜೀವ ಇರೋ ಬಂಡೆ ಒಡೆದು, ಸಾಯೋ ಜಾಗಕ್ಕೆ ಒಯ್ದು ಅಂಟಿಸ್ತಿದ್ದ. ನನ್ನ ಮಾತು ನಂಬಿ! ನಾನು ನಿನ್ನ ನಂಬಿದ್ದೆ. ನಂಬಿಸಿ ಕತ್ತು ಕೊಯ್ದ್ಯಲ್ಲ!”

“ಅಲ್ಲಿವರೆಗೂ ಹೋಗುತ್ತೆ ಅಂತ ನಂಗೇನು ಗೊತ್ತಿತ್ತು? ಮೊದಲನೇ ಸಲ ಪಾಚಿ ಸತ್ತಾಗ ನೀನು ಮೂರು ದಿನ ಅನ್ನ ಮುಟ್ಲಿಲ್ಲ. ಇನ್ನೊಂದು ಸಲ ಅದನ್ನ ನೋಡಕ್ಕೆ ನನ್ನಿಂದ ಆಗ್ತಿರ್ಲಿಲ್ಲ. ನಿಂಗೆ ಸೋತು ಅಭ್ಯಾಸ ಇಲ್ಲ, ಅಮ್ಮನೂ ಅದನ್ನೇ ಹೇಳ್ತಿದ್ಲು. ಹೋಗೋವಾಗ ‘ಚಿಕ್ಕವಳನ್ನ ನೋಡ್ಕೋ’ ಅಂದ್ಲು. ನೋಡ್ಕೊಂಡೆ.”

“ಅಳೋದು ನನ್ನ ಪಾಡು. ಒರೆಸು ಅಂತ ನಿನ್ನ ಕೇಳಿದ್ನಾ?”

ಅಕ್ಕ ಮತ್ತೆ ಬ್ರಷ್ಷು ಎತ್ತಿಕೊಂಡಳು. ಮೂವತ್ತೈದು ವರ್ಷದ ತಾನು ಅಕ್ಕನ ಪಾಲಿಗೆ ಇನ್ನೂ ಎತ್ತಿ ಆಡಿಸುವ ಕೂಸು ಎಂಬುದು ತಂಗಿಗೆ ಆಗ ಗೊತ್ತಾಯಿತು. ಪ್ರಯೋಗ ಕೆಟ್ಟದ್ದಕ್ಕಿಂತ ಅದು ಹೆಚ್ಚು ಉರಿಸಿತು.

ತಂಗಿ ಫೋನು ಮಾಡಿ ಮುಳುಗಪ್ಪನ ದೋಣಿ ನಿಲ್ಲಿಸಿದಳು. ಅವನು ಬೈಯಲಿಲ್ಲ, “ಅಯ್ಯೋ, ಅಷ್ಟೊಂದು ಆಸೆ ಇಟ್ಕೊಂಡಿದ್ವಿ ಮೇಡಂ” ಎಂದಷ್ಟೇ ಹೇಳಿ ಫೋನಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ನಿರ್ದೇಶಕರ ಕೋಣೆಯಲ್ಲಿ ತಂಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅಕ್ಕನ ಹೆಸರು ಹೇಳದೆ, ತೊಟ್ಟಿ ಕೆಟ್ಟಿದೆ ಎಂದು ಬಿಟ್ಟುಬಿಡಬಹುದಿತ್ತು. ಹೇಳಿದಳು. ಅಕ್ಕನನ್ನು ಬಾಟಲಿ ತೊಳೆಯುವ ವಿಭಾಗಕ್ಕೆ ಹಾಕಿದರು. ‘ತೊಟ್ಟಿ ಅಕ್ಕ’ ಎಂದು ಕರೆಯುವುದನ್ನು ಜನ ತಾವಾಗಿಯೇ ನಿಲ್ಲಿಸಿದರು.

ತಂಗಿ ಉತ್ತರದ ಕೊಲ್ಲಿಯಿಂದ ಹನ್ನೆರಡು ಚೂರು ತರಿಸಿ ಮೂರನೇ ಸುತ್ತು ಶುರು ಮಾಡಿದಳು. ಈ ಸಲ ಅಳತೆ, ಬರಹ, ತೊಟ್ಟಿ ತಿಕ್ಕುವುದು ಎಲ್ಲ ಅವಳದೇ. ಮನೆಯಲ್ಲಿ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಅಕ್ಕ ಬಡಿಸುತ್ತಿದ್ದಳು, ತಂಗಿ ಉಣ್ಣುತ್ತಿದ್ದಳು. ಪಾಚಿಯ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಒಂಬತ್ತನೇ ವಾರ ಹಠಮಾರಿಯ ಅಂಚು ಬಿಳಿಚಿತು. ಹತ್ತನೇ ವಾರದ ಶುಕ್ರವಾರ, ಬಿಸಿ ತೊಟ್ಟಿಗಳ ಆರು ಚೂರುಗಳಲ್ಲಿ ಐದು ಪೂರ್ತಿ ಸತ್ತಿದ್ದವು. ಅದಕ್ಕೆ ಯಾವ ಹಠವೂ ಇರಲಿಲ್ಲ. ಇದ್ದದ್ದು ಅಕ್ಕನ ಚಮಚ. ತಂಗಿ ಅಂಕಿಗಳನ್ನು ಬರೆದಳು, ಕೈ ತೊಳೆದಳು, ಮನೆಗೆ ಹೊರಟಳು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

ಅಕ್ಕ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದಳು. ಬಾಟಲಿ ತೊಳೆದೂ ತೊಳೆದೂ ಅವಳ ಬೆರಳ ತುದಿಗಳು ಒಡೆದಿದ್ದವು. ಎಷ್ಟೋ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೊನೆಗೂ ಕೇಳಿದಳು.

“ಪಾಚಿ ಹೇಗಿದೆಯೇ?”

“ಚೆನ್ನಾಗಿದೆ” ಎಂದಳು ತಂಗಿ.

“ಎಲ್ಲಾನೂ?”

“ಎಲ್ಲಾನೂ. ಬಣ್ಣ ಒಂಚೂರೂ ಮಾಸಿಲ್ಲ.”

ಅಕ್ಕನ ಕೈಯಲ್ಲಿದ್ದ ಟವೆಲ್ಲು ಜಾರಿತು. ಮುಖ ಅರಳಿತು, ಕಣ್ಣು ತುಂಬಿತು. “ಹಾಗಾದ್ರೆ ನಾನು ಹಾಕದೇ ಇದ್ರೂ ಬದುಕ್ತಿತ್ತು! ನಾನೇ ಸುಮ್ನೆ ಹೆದರಿಬಿಟ್ಟೆ. ನನ್ನಿಂದ ನಿಂಗೇನೂ ಹಾಳಾಗ್ಲಿಲ್ಲ, ಅಲ್ವೇನೇ?”

“ಏನೂ ಹಾಳಾಗ್ಲಿಲ್ಲ” ಎಂದಳು ತಂಗಿ. ನಿಜ ಹೇಳಿದರೆ ತನ್ನನ್ನು ಕಾಪಾಡಲು ಈಕೆ ಮತ್ತೆ ಕದ್ದು ಏನಾದರೂ ಮಾಡಿಬಿಡುತ್ತಾಳೆ ಎಂಬ ಹೆದರಿಕೆ ಅವಳಿಗೆ. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಸುಳ್ಳು ಹೇಳುವುದನ್ನು ಇವಳಿಂದಲೇ ಕಲಿತಿದ್ದಳು. ಮಡಚಿಟ್ಟ ರಾಶಿಯಿಂದ ತನ್ನ ಬಟ್ಟೆಗಳನ್ನಷ್ಟೇ ಆರಿಸಿಕೊಂಡು ಒಳಗೆ ಹೋದಳು.